ಸೇರಿನ ಲೆಕ್ಕ ಬಿಟ್ಟು ಶಾಖದ ಲೆಕ್ಕ ಹೇಳಿ: ಇಂಧನ ಸಚಿವರಿಗೆ ಒಂದು ಬಹಿರಂಗ ಪತ್ರ

ಗೆ,
ಸನ್ಮಾನ್ಯ ಇಂಧನ ಸಚಿವರು,
ಕರ್ನಾಟಕ ಸರ್ಕಾರ, ಬೆಂಗಳೂರು.

ಪ್ರತಿಗಳು: ಕರ್ನಾಟಕ ವಿದ್ಯುತ್ ನಿಗಮದ ವ್ಯವಸ್ಥಾಪಕ ನಿರ್ದೇಶಕರಿಗೆ, ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗಕ್ಕೆ ಹಾಗೂ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ.

ವಿಷಯ: ಗ್ಯಾಸ್ ಟರ್ಬೈನ್‌ಗಳಲ್ಲಿ ನೈಸರ್ಗಿಕ ಅನಿಲದ ಜೊತೆ ಹೈಡ್ರೋಜನ್ ಬೆರೆಸಿ ಉರಿಸುವ ಕುರಿತು.

ಮಾನ್ಯರೇ,

ನಾನು ಮೂವತ್ತೊಂದು ವರ್ಷ ಗ್ಯಾಸ್ ಟರ್ಬೈನ್‌ಗಳ ಜೊತೆ ಕೆಲಸ ಮಾಡಿದವನು. ಶಿಫ್ಟ್ ಇಂಜಿನಿಯರ್ ಆಗಿ ಸೇರಿ, ಯಂತ್ರ ನಿರ್ವಹಣೆಯ ಹೊಣೆ ಹೊತ್ತು ನಿವೃತ್ತನಾದೆ. ಈಗ ಯಲಹಂಕ ಉಪನಗರದಲ್ಲಿ ನೆಲೆಸಿದ್ದೇನೆ. ಬೆಳಗ್ಗೆ ಪುಟ್ಟೇನಹಳ್ಳಿ ಕೆರೆಯ ಕಡೆ ಹೋದರೆ ಒಂದು ಬದಿಗೆ ನೀರುಹಕ್ಕಿಗಳು, ಇನ್ನೊಂದು ಬದಿಗೆ ನಿಮ್ಮ ಇಲಾಖೆಯ 370 ಮೆಗಾವಾಟ್ ಅನಿಲ ವಿದ್ಯುತ್ ಸ್ಥಾವರ. ಹಲವು ವರ್ಷ ತಡವಾಗಿ ಅದು 2024ರಲ್ಲಿ ವಾಣಿಜ್ಯ ಉತ್ಪಾದನೆಗೆ ಬಂತು. ನನ್ನ ನೆರೆಹೊರೆಯವರಲ್ಲಿ ಕೆಲವರಿಗೆ ಅದನ್ನು ಕಂಡರೆ ಆಗುವುದಿಲ್ಲ. ನನಗೆ ಹಾಗಿಲ್ಲ. ಯಂತ್ರ ಚಾಲೂ ಆಗುವಾಗಿನ ಆ ಸದ್ದು ಕಿವಿಗೆ ಬಿದ್ದರೆ ಈಗಲೂ ಕಾಲು ತಾನಾಗಿ ನಿಲ್ಲುತ್ತದೆ. ಆದ್ದರಿಂದ ಈ ಪತ್ರವನ್ನು ಯಂತ್ರದ ವಿರೋಧಿಯೊಬ್ಬ ಬರೆದದ್ದು ಎಂದು ದಯವಿಟ್ಟು ಭಾವಿಸಬೇಡಿ.

ಬರೆಯಲು ಕಾರಣವಾದದ್ದು ಒಂದು ವಿಚಾರ ಸಂಕಿರಣ. ಹಸಿರು ಇಂಧನದ ಬಗ್ಗೆ ಮಾತಾಡಲು ಬಂದಿದ್ದ ಹಿರಿಯ ಅಧಿಕಾರಿಯೊಬ್ಬರು ವೇದಿಕೆಯ ಮೇಲೆ ನಿಂತು, “ನಾಳೆ ನಮ್ಮ ಅನಿಲ ಸ್ಥಾವರಕ್ಕೂ ಶೇ 30ರಷ್ಟು ಹೈಡ್ರೋಜನ್ ಬೆರೆಸಿದರೆ ಆಯಿತು, ಇಂಗಾಲ ಶೇ 30ರಷ್ಟು ಇಳಿಯುತ್ತದೆ” ಎಂದರು. ಸಭೆ ಚಪ್ಪಾಳೆ ತಟ್ಟಿತು. ಪ್ರಶ್ನೆ ಕೇಳಲು ಕೈಯೆತ್ತಿದೆ. ಸಮಯವಾಯಿತು, ಊಟಕ್ಕೆ ನಡೆಯಿರಿ ಎಂದರು. ಊಟದ ಸಾಲಿನಲ್ಲಿ ಅವರ ಹಿಂದೆಯೇ ನಿಂತು ಮತ್ತೆ ಕೇಳಿದೆ. “ಅದೆಲ್ಲ ತಾಂತ್ರಿಕ ವಿವರ ಸಾರ್, ಜನರಿಗೆ ಯಾಕೆ” ಅಂದುಬಿಟ್ಟರು. ಅವರ ಹೆಸರಾಗಲಿ ಇಲಾಖೆಯಾಗಲಿ ಇಲ್ಲಿ ಮುಖ್ಯವಲ್ಲ. ಆ ಮಾತು ಅಷ್ಟಕ್ಕೇ ನಿಲ್ಲುವುದಿಲ್ಲ ಎಂಬ ಭಯ ನನ್ನದು. ಅದು ಕಡತಕ್ಕೆ ಇಳಿಯುತ್ತದೆ, ಕಡತದಿಂದ ಟೆಂಡರಿಗೆ, ಟೆಂಡರಿನಿಂದ ನಮ್ಮ ಕರೆಂಟ್ ಬಿಲ್ಲಿಗೆ ಬರುತ್ತದೆ.

ಯಲಹಂಕಕ್ಕೆ ಹೈಡ್ರೋಜನ್ ತರಲು ಆದೇಶವಾಗಿದೆ ಎಂದು ನಾನು ಹೇಳುತ್ತಿಲ್ಲ. ಆದೇಶವಾಗುವ ಮೊದಲೇ ಲೆಕ್ಕ ಸರಿಯಾಗಲಿ ಎಂಬುದೇ ನನ್ನ ಅಹವಾಲು.

ಮೊದಲಿಗೆ ಆ ಶೇ 30ರ ವಿಚಾರ. ನಮ್ಮ ಹಳ್ಳಿಗಳಲ್ಲಿ ಅಕ್ಕಿಯನ್ನೂ ಮಂಡಕ್ಕಿಯನ್ನೂ ಒಂದೇ ಸೇರಿನಲ್ಲಿ ಅಳೆಯುತ್ತಿದ್ದರು. ಸೇರು ಎರಡಕ್ಕೂ ಒಂದೇ, ಹೊಟ್ಟೆ ತುಂಬುವುದು ಮಾತ್ರ ಒಂದೇ ಅಲ್ಲ. ಹತ್ತು ಸೇರಿನಲ್ಲಿ ಮೂರು ಸೇರು ಮಂಡಕ್ಕಿ ಹಾಕಿ ಮನೆಯ ಅಕ್ಕಿ ಖರ್ಚು ಶೇ 30 ಉಳಿಯಿತು ಎಂದರೆ ಅಡುಗೆಮನೆಯಲ್ಲಿ ಯಾರೂ ಒಪ್ಪುವುದಿಲ್ಲ. ಹೈಡ್ರೋಜನ್ ಅನಿಲಗಳ ಪೈಕಿ ಮಂಡಕ್ಕಿ ಇದ್ದ ಹಾಗೆ. ನೈಸರ್ಗಿಕ ಅನಿಲದಲ್ಲಿ ಬಹುಪಾಲು ಇರುವುದು ಮೀಥೇನ್. ಒಂದು ಘನ ಮೀಟರ್ ಮೀಥೇನ್ ಉರಿಸಿದರೆ ಸುಮಾರು 36 ಮೆಗಾಜೂಲ್ ಶಾಖ ಬರುತ್ತದೆ, ಅಷ್ಟೇ ಹೈಡ್ರೋಜನ್ ಉರಿಸಿದರೆ 11ಕ್ಕಿಂತ ಕಡಿಮೆ. ಕೊಳವೆಯಲ್ಲಿ ಗಾತ್ರದ ಲೆಕ್ಕದಲ್ಲಿ ಶೇ 30 ಹೈಡ್ರೋಜನ್ ಇದ್ದರೆ, ಒಟ್ಟು ಶಾಖದಲ್ಲಿ ಅದರ ಪಾಲು ಶೇ 11ರ ಆಸುಪಾಸು. ಇಂಗಾಲ ಹೊರಬರುವುದು ಮೀಥೇನಿನಿಂದ ಮಾತ್ರ, ಹಾಗಾಗಿ ಇಂಗಾಲ ಇಳಿಯುವುದೂ ಅಷ್ಟೇ. ಶೇ 20 ಬೆರೆಸಿದರೆ ಇಳಿಕೆ ಶೇ 7. ಶೇ 5 ಬೆರೆಸಿದರೆ ಒಂದೂವರೆ. ಇಂಗಾಲವನ್ನು ಅರ್ಧಕ್ಕೆ ಇಳಿಸಬೇಕೆಂದರೆ ಕೊಳವೆಯ ಮುಕ್ಕಾಲಿಗೂ ಹೆಚ್ಚು ಹೈಡ್ರೋಜನ್ನೇ ಆಗಿರಬೇಕು.

ಇದು ಬರೀ ಪುಸ್ತಕದ ಮಾತಲ್ಲ. ಅಮೆರಿಕದ ಜಾರ್ಜಿಯಾ ರಾಜ್ಯದ ಮೆಕ್‌ಡೊನಾ-ಅಟ್ಕಿನ್‌ಸನ್ ಸ್ಥಾವರದಲ್ಲಿ 2022ರಲ್ಲಿ ಮಿತ್ಸುಬಿಷಿಯ ದೊಡ್ಡ ಟರ್ಬೈನ್ ಒಂದಕ್ಕೆ ಶೇ 20ರಷ್ಟು ಹೈಡ್ರೋಜನ್ ಬೆರೆಸಿ ಓಡಿಸಿದಾಗ ಅವರೇ ಪ್ರಕಟಿಸಿದ ಇಳಿಕೆ ಸುಮಾರು ಶೇ 7. ನಮ್ಮಲ್ಲೇ ಗುಜರಾತಿನ ಕಾವಾಸ್‌ನ 645 ಮೆಗಾವಾಟ್ ಸ್ಥಾವರದಲ್ಲಿ ಶೇ 5ರ ಬೆರಕೆಯನ್ನು ಪ್ರಯೋಗಿಸಿ ನೋಡಲು ಕೇಂದ್ರ ಸರ್ಕಾರಿ ವಿದ್ಯುತ್ ಸಂಸ್ಥೆ ಎನ್‌ಟಿಪಿಸಿ ಮತ್ತು ಟರ್ಬೈನ್ ತಯಾರಕ ಕಂಪನಿ ಜಿಇ 2022ರಲ್ಲಿ ಒಪ್ಪಂದಕ್ಕೆ ಸಹಿ ಹಾಕಿದವು. ಕಲಿಯುವುದಕ್ಕಾಗಿ ಮಾಡುವ ಇಂಥ ಪ್ರಯೋಗಗಳಿಗೆ ನನ್ನ ತಕರಾರಿಲ್ಲ. ಕಲಿಕೆಯನ್ನೇ ಸಾಧನೆ ಎಂದು ಜನರ ಮುಂದಿಡುವುದಕ್ಕೆ ನನ್ನ ತಕರಾರು.

ಈಗ ಯಲಹಂಕದ್ದೇ ಲೆಕ್ಕ ಹಾಕೋಣ. ಅಲ್ಲಿ ಗ್ಯಾಸ್ ಟರ್ಬೈನ್ ಸುಮಾರು 236 ಮೆಗಾವಾಟ್, ಅದರ ಬಿಸಿ ಹೊಗೆಯಿಂದ ಉಗಿ ಮಾಡಿ ತಿರುಗಿಸುವ ಸ್ಟೀಮ್ ಟರ್ಬೈನ್ 133 ಮೆಗಾವಾಟ್‌ನಷ್ಟು. ಒಟ್ಟು ದಕ್ಷತೆಯನ್ನು ಶೇ 55 ಎಂದು ಹಿಡಿದರೆ ಪೂರ್ತಿ ಲೋಡಿನಲ್ಲಿ ಒಳಗೆ ಹೋಗುವ ಶಾಖ ಸುಮಾರು 670 ಮೆಗಾವಾಟ್. ಅದರಲ್ಲಿ ಶೇ 11ನ್ನು ಹೈಡ್ರೋಜನ್ ಕೊಡಬೇಕೆಂದರೆ ದಿನಕ್ಕೆ ಹತ್ತಿರಹತ್ತಿರ 55 ಟನ್ ಹೈಡ್ರೋಜನ್ ಬೇಕು. ನೀರನ್ನು ಒಡೆದು ಒಂದು ಕಿಲೋ ಹೈಡ್ರೋಜನ್ ತೆಗೆಯಲು ಈಗಿನ ಎಲೆಕ್ಟ್ರೋಲೈಸರ್‌ಗಳಿಗೆ 50ರಿಂದ 55 ಯುನಿಟ್ ಕರೆಂಟ್ ಬೇಕಾಗುತ್ತದೆ. ಅಂದರೆ ಹಗಲು ರಾತ್ರಿ ಬಿಡುವಿಲ್ಲದೆ 120 ಮೆಗಾವಾಟ್ ಒಳಗೆ ಹಾಕಬೇಕು. ಆ ಹೈಡ್ರೋಜನ್ನಿನಿಂದ ಟರ್ಬೈನ್ ವಾಪಸ್ ಕೊಡುವುದು ಸುಮಾರು 42 ಮೆಗಾವಾಟ್.

ಈ ಎರಡು ಅಂಕಿಗಳನ್ನು ದಯಮಾಡಿ ಇನ್ನೊಮ್ಮೆ ನೋಡಿ. ನೂರಿಪ್ಪತ್ತು ಕೊಟ್ಟು ನಲವತ್ತೆರಡು ಪಡೆಯುವ ವ್ಯವಹಾರ ಇದು. ಆ 120 ಮೆಗಾವಾಟ್ ಬಿಸಿಲಿನಿಂದಲೇ ಬರಬೇಕೆಂದರೆ ಸುಮಾರು 500 ಮೆಗಾವಾಟ್ ಸೌರಫಲಕ ಬೇಕು. ಪಾವಗಡದ 2,050 ಮೆಗಾವಾಟ್ ಪಾರ್ಕಿನ ಕಾಲು ಭಾಗ. ಪಾವಗಡದ ರೈತರು ಮಳೆಯಿಲ್ಲದ ಹೊಲಗಳನ್ನು, ಒಟ್ಟು 13 ಸಾವಿರ ಎಕರೆಯಷ್ಟನ್ನು, ಎಕರೆಗೆ ವರ್ಷಕ್ಕೆ 21 ಸಾವಿರ ರೂಪಾಯಿಯಿಂದ ಶುರುವಾದ ಬಾಡಿಗೆಗೆ ಬಿಟ್ಟುಕೊಟ್ಟಿದ್ದು ಈ ನಾಡಿಗೆ ಕರೆಂಟ್ ಬರಲಿ ಎಂದು. ಆ ಕಾಲು ಭಾಗದ ಕರೆಂಟಿನ ಮೂರರಲ್ಲಿ ಎರಡು ಪಾಲನ್ನು ನಾವು ಎಲೆಕ್ಟ್ರೋಲೈಸರ್ ಮತ್ತು ಟರ್ಬೈನ್ ನಡುವೆ ಬಿಸಿಯಾಗಿ ಗಾಳಿಗೆ ಬಿಡುವುದಾದರೆ, ಅವರ ಮುಂದೆ ನಿಂತು ಅದಕ್ಕೆ ಕಾರಣ ಹೇಳುವ ಧೈರ್ಯ ನಮಗಿರಬೇಕು. ಆ 120 ಮೆಗಾವಾಟನ್ನು ನೇರವಾಗಿ ಗ್ರಿಡ್ಡಿಗೆ ಕೊಟ್ಟು ಯಲಹಂಕದ ಯಂತ್ರವನ್ನು ಅಷ್ಟರ ಮಟ್ಟಿಗೆ ಇಳಿಸಿದರೆ, ಉಳಿಯುವ ಅನಿಲ ಸುಮಾರು ಮೂರು ಪಟ್ಟು. ಬರ್ನರ್ ಬದಲಿಸುವ ಖರ್ಚೂ ಇಲ್ಲ.

ಮಧ್ಯಾಹ್ನದ ಸೌರ ವಿದ್ಯುತ್ತು ಮಿಕ್ಕಿ ಹೋಗುತ್ತದಲ್ಲ, ಅದನ್ನು ರಾತ್ರಿಗೆ ಉಳಿಸಿಕೊಳ್ಳಲು ಹೈಡ್ರೋಜನ್ ಬೇಡವೇ ಎಂದು ನಿಮ್ಮ ಅಧಿಕಾರಿಗಳು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆಯೇ. ಆದರೆ ಮಧ್ಯಾಹ್ನದಿಂದ ರಾತ್ರಿಗೆ ಸಾಗಿಸಲು ನೀರನ್ನು ಮೇಲಕ್ಕೆತ್ತಿ ಇಳಿಸುವ ಯೋಜನೆಯಾದರೆ ನೂರಕ್ಕೆ 75ರಿಂದ 80 ವಾಪಸ್ ಬರುತ್ತದೆ, ಬ್ಯಾಟರಿಯಾದರೆ ಇನ್ನೂ ಹೆಚ್ಚು. (ಅಂಥ ಯೋಜನೆಯನ್ನು ಶರಾವತಿ ಕಣಿವೆಯ ಕಾಡಿನಲ್ಲೇ ಮಾಡಬೇಕೇ ಎಂಬುದು ಬೇರೆಯೇ ವಾದ, ಅಲ್ಲಿಯ ಜನರ ಪರವಾಗಿ ನನ್ನ ಮನಸ್ಸಿದೆ.) ಹೈಡ್ರೋಜನ್ನಿಗೆ ಜಾಗ ಇರುವುದು ವಾರಗಟ್ಟಲೆ, ತಿಂಗಳುಗಟ್ಟಲೆ ಕೂಡಿಡಬೇಕಾದ ಕಡೆ. ಅಮೆರಿಕದ ಯೂಟಾದಲ್ಲಿ ಡೆಲ್ಟಾ ಎಂಬ ಊರಿನ ಬಳಿ 840 ಮೆಗಾವಾಟಿನ ಸ್ಥಾವರಕ್ಕೆ ಹಾಗೆಯೇ ಕೂಡಿಡಲು ಹೊರಟಿದ್ದಾರೆ. ಅಲ್ಲಿ ನೆಲದಡಿ ಉಪ್ಪಿನ ದೊಡ್ಡ ಗಡ್ಡೆಯಿದೆ, ಅದನ್ನು ಕೊರೆದು ಗುಹೆ ಮಾಡಿ ಅನಿಲ ತುಂಬಬಹುದು. ನಮ್ಮ ಬೆಂಗಳೂರಿನ ಕೆಳಗಿರುವುದು ಗಟ್ಟಿ ಕಲ್ಲು. ಇಲ್ಲಿ ಕೂಡಿಡುವುದೆಂದರೆ ನೆಲದ ಮೇಲೆ, ಒತ್ತಡದ ಟ್ಯಾಂಕುಗಳಲ್ಲಿ, ಮನೆಗಳ ಸಾಲಿನ ಪಕ್ಕದಲ್ಲಿ.

ಆ 55 ಟನ್ ಎಲ್ಲಿಂದ ಬರುತ್ತದೆ ಎಂಬುದು ಇನ್ನೂ ಗಂಭೀರ. ದೇಶದಲ್ಲಿ ಇವತ್ತು ಬಳಕೆಯಾಗುವ ಹೈಡ್ರೋಜನ್ ಬಹುಪಾಲು ನೈಸರ್ಗಿಕ ಅನಿಲದಿಂದಲೇ ತೆಗೆದದ್ದು. ಹಾಗೆ ಒಂದು ಕಿಲೋ ತೆಗೆಯುವಾಗ 9ರಿಂದ 10 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಅದೇ ಒಂದು ಕಿಲೋವನ್ನು ಟರ್ಬೈನಿನಲ್ಲಿ ಉರಿಸಿದರೆ ಹೊಗೆಯಲ್ಲಿ ಉಳಿತಾಯವಾಗುವುದು ಹೆಚ್ಚೆಂದರೆ 6.7 ಕಿಲೋ. ಚಿಮಣಿಯಲ್ಲಿ ಕಡಿಮೆ ಕಂಡರೂ ಲೋಕಕ್ಕೆ ಹೊರೆ ಹೆಚ್ಚೇ. ಗ್ರಿಡ್ಡಿನ ಸಾಮಾನ್ಯ ಕರೆಂಟಿನಿಂದ ಎಲೆಕ್ಟ್ರೋಲೈಸರ್ ಓಡಿಸಿದರಂತೂ ದೇಶದ ಸರಾಸರಿಯಾದ ಯುನಿಟ್ಟಿಗೆ 0.7 ಕಿಲೋ ಲೆಕ್ಕದಲ್ಲಿ, ಒಂದು ಕಿಲೋ ಹೈಡ್ರೋಜನ್ನಿನ ಬೆನ್ನಿಗೆ 35 ಕಿಲೋಗೂ ಹೆಚ್ಚು ಇಂಗಾಲ ಅಂಟಿಕೊಳ್ಳುತ್ತದೆ. ಕೇಂದ್ರ ಸರ್ಕಾರ 2023ರ ಆಗಸ್ಟ್‌ನಲ್ಲಿ ಬಿಸಿಲು, ಗಾಳಿಯಂಥ ನವೀಕರಿಸಬಹುದಾದ ಶಕ್ತಿಯಿಂದ ತೆಗೆಯುವ ಹಸಿರು ಹೈಡ್ರೋಜನ್ನಿಗೆ ಕಿಲೋಗೆ 2 ಕಿಲೋ ಇಂಗಾಲದ ಡೈಆಕ್ಸೈಡ್ ಎಂಬ ಮಿತಿ ಹಾಕಿದ್ದು ಸುಮ್ಮನೆ ಅಲ್ಲ. ಬೆರಕೆಯ ಯಾವುದೇ ಪ್ರಸ್ತಾವ ನಿಮ್ಮ ಮೇಜಿಗೆ ಬಂದಾಗ ಮೊದಲ ಪುಟದಲ್ಲೇ ಹೈಡ್ರೋಜನ್ನಿನ ಮೂಲ ಬರೆದಿರಬೇಕು. ಬರೆದಿಲ್ಲದಿದ್ದರೆ ಕಡತವನ್ನು ಹಾಗೆಯೇ ಹಿಂದಕ್ಕೆ ಕಳಿಸಿ.

ಇನ್ನು ನಾನು ಕಣ್ಣಾರೆ ಕಂಡದ್ದನ್ನು ಹೇಳಬೇಕು.

ಪಶ್ಚಿಮ ಕರಾವಳಿಯ ಒಂದು ತೈಲ ಸಂಸ್ಕರಣಾ ಘಟಕದ ಸ್ವಂತ ವಿದ್ಯುತ್ ಸ್ಥಾವರದಲ್ಲಿ ಕೆಲವು ವರ್ಷ ಇದ್ದೆ. ಅಲ್ಲಿ ನೈಸರ್ಗಿಕ ಅನಿಲದ ಜೊತೆ ಸಂಸ್ಕರಣೆಯಲ್ಲಿ ಉಳಿದ ಅನಿಲವನ್ನೂ ಬೆರೆಸಿ ಟರ್ಬೈನಿಗೆ ಕೊಡುತ್ತಿದ್ದರು. ಅದರಲ್ಲಿ ಹೈಡ್ರೋಜನ್ ಇರುತ್ತಿತ್ತು. ಹೊಗೆಯಲ್ಲಿ ನೈಟ್ರೋಜನ್ ಆಕ್ಸೈಡ್ ಕಡಿಮೆಯಾಗಲಿ ಎಂದು ಆಗಷ್ಟೇ ಹೊಸ ಬಗೆಯ ಬರ್ನರ್ ಹಾಕಿಸಿದ್ದರು. ಹಳೆಯ ಬರ್ನರಿನಲ್ಲಿ ಗ್ಯಾಸು ಮತ್ತು ಗಾಳಿ ಬೆಂಕಿಯ ಹತ್ತಿರವೇ ಬಂದು ಕೂಡುತ್ತಿದ್ದವು. ಹೊಸದರಲ್ಲಿ ಎರಡನ್ನೂ ಮೊದಲೇ ಚೆನ್ನಾಗಿ ಬೆರೆಸಿ ಆಮೇಲೆ ಉರಿಸುತ್ತಾರೆ. ಬೆಂಕಿ ತೆಳುವಾಗಿ, ತಣ್ಣಗೆ ಉರಿಯುತ್ತದೆ. ಯಲಹಂಕದ್ದೂ ಸೇರಿ ಈಗಿನ ದೊಡ್ಡ ಯಂತ್ರಗಳೆಲ್ಲ ಈ ಬಗೆಯವೇ.

ಒಂದು ರಾತ್ರಿ ಎರಡು ಗಂಟೆಯ ಹೊತ್ತಿಗೆ ಕಂಟ್ರೋಲ್ ರೂಮಿನಲ್ಲಿ ಸ್ಪ್ರೆಡ್ ಅಲಾರಂ ಬಂತು. ಟರ್ಬೈನಿನ ಹಿಂಭಾಗದಲ್ಲಿ ಹೊಗೆಯ ದಾರಿಯ ಸುತ್ತ ಬಳೆಯ ಹಾಗೆ ಬಿಸಿ ಅಳೆಯುವ ಥರ್ಮೋಕಪಲ್‌ಗಳನ್ನು ಕೂರಿಸಿರುತ್ತಾರೆ. ಎಲ್ಲವೂ ಹೆಚ್ಚುಕಡಿಮೆ ಒಂದೇ ಬಿಸಿ ತೋರಿಸಬೇಕು. ಒಂದು ಕಡೆಯದು ಮಾತ್ರ ಬೇರೆಯೇ ಓದುತ್ತಿತ್ತು. ಥರ್ಮೋಕಪಲ್ ಕೆಟ್ಟಿರಬೇಕು, ಬೆಳಗ್ಗೆ ನೋಡೋಣ ಎಂದ ನನ್ನ ಜೊತೆಗಾರ. ನನಗೂ ಹಾಗೇ ಅನ್ನಿಸಿತು. ಲಾಗ್‌ಬುಕ್ಕಿನಲ್ಲಿ ಬರೆದು ಪೆನ್ನು ಕೆಳಗಿಡುವಷ್ಟರಲ್ಲಿ ಯಂತ್ರ ತಾನೇ ಟ್ರಿಪ್ ಆಗಿ ನಿಂತುಹೋಯಿತು. ತಣ್ಣಗಾದ ಮೇಲೆ ಯಂತ್ರದೊಳಗೆ ಇಣುಕುವ ಬೋರೋಸ್ಕೋಪ್ ಇಳಿಸಿ ನೋಡಿದೆವು, ಆಮೇಲೆ ಬಿಚ್ಚಿಯೇ ನೋಡಿದೆವು. ಒಂದು ಬರ್ನರಿನ ಮೂತಿ ಉರಿದು ಮುಗಿದ ಮೇಣದ ಬತ್ತಿಯಂತೆ ಬಾಗಿ ಇಳಿದಿತ್ತು. ಅಂಗೈ ಮೇಲೆ ಇಟ್ಟುಕೊಂಡೆ. ನುಣುಪಾಗಿದ್ದ ಲೋಹದ ಅಂಚು ಗುಳ್ಳೆ ಗುಳ್ಳೆಯಾಗಿ ಬೂದುಬಣ್ಣಕ್ಕೆ ತಿರುಗಿತ್ತು. ಕರಗಿದ ತುಣುಕುಗಳು ಹಿಂದಿನ ಬ್ಲೇಡುಗಳಿಗೆ ಬಡಿದಿದ್ದವು. ಯಂತ್ರ ಮೂರು ವಾರ ನಿಂತಿತು.

ಕಾರಣ ಸರಳ. ಮೀಥೇನಿನ ಬೆಂಕಿ ಸೆಕೆಂಡಿಗೆ ಸುಮಾರು 40 ಸೆಂಟಿಮೀಟರ್ ವೇಗದಲ್ಲಿ ಹರಡುತ್ತದೆ, ಹೈಡ್ರೋಜನ್ನಿನದು 2ರಿಂದ 3 ಮೀಟರ್. ಬರ್ನರಿನ ಒಳಗೆ ಗಾಳಿ ಮತ್ತು ಅನಿಲ ಹೊಳೆಯಂತೆ ಮುಂದಕ್ಕೆ ಹರಿಯುತ್ತಿರುತ್ತವೆ. ಬೆಂಕಿ ಆ ಹರಿವಿಗೆ ಎದುರಾಗಿ ಈಜುವ ಮೀನು. ಈಜು ಹರಿವಿಗಿಂತ ನಿಧಾನವಿದ್ದರೆ ಮೀನು ಹೊರಗೇ ನಿಲ್ಲುತ್ತದೆ. ಹೈಡ್ರೋಜನ್ ಹೆಚ್ಚಾದರೆ ಗೋಡೆಯ ಅಂಚಿನಲ್ಲಿ ಹರಿವು ನಿಧಾನವಿರುವ ಕಡೆ ಹುಡುಕಿಕೊಂಡು ಮೇಲಕ್ಕೆ ಹತ್ತಿಬಿಡುತ್ತದೆ, ಬೆರೆಸಲೆಂದು ಇರುವ ಜಾಗದಲ್ಲೇ ಉರಿಯತೊಡಗುತ್ತದೆ. ಆ ಲೋಹ ಬೆಂಕಿಯನ್ನು ತಡೆಯಲು ಮಾಡಿದ್ದಲ್ಲ. ಇದನ್ನೇ ನಾವು ಫ್ಲ್ಯಾಶ್‌ಬ್ಯಾಕ್ ಎನ್ನುತ್ತೇವೆ.

ಆ ರಾತ್ರಿ ನಾನು ಕಲಿತದ್ದು ಸರಾಸರಿಯ ಪಾಠವಲ್ಲ. ಆ ದಿನದ ಸರಾಸರಿ ಹೈಡ್ರೋಜನ್ ಮಿತಿಯೊಳಗೇ ಇತ್ತು. ಸಂಸ್ಕರಣಾ ಘಟಕದಲ್ಲಿ ಯಾವುದೋ ಒಂದು ವಿಭಾಗ ನಿಂತು ಇನ್ನೊಂದು ಶುರುವಾದಾಗ ಕೆಲವೇ ನಿಮಿಷ ಅದು ಮೇಲೇರಿತ್ತು. ಅನಿಲದ ಬೆರಕೆಯನ್ನು ಅಳೆಯುವ ನಮ್ಮ ಯಂತ್ರಕ್ಕೆ ಒಂದು ಫಲಿತಾಂಶ ಕೊಡಲು ಕೆಲವು ನಿಮಿಷ ಬೇಕು. ಬೆಂಕಿಗೆ ಅಷ್ಟು ಹೊತ್ತು ಬೇಡ. ಬಿಸಿಲು, ಗಾಳಿ ಏರಿಳಿದಂತೆ ಎಲೆಕ್ಟ್ರೋಲೈಸರ್ ಏರಿಳಿಯುತ್ತದೆ. ಹಾಗಾಗಿ “ಶೇ 30 ತಡೆದುಕೊಳ್ಳುತ್ತದೆ” ಎಂದು ತಯಾರಕರು ಕೊಡುವ ಪತ್ರವನ್ನು ನಂಬಿ ಕೂರಬೇಡಿ. ನಿಮಿಷ ನಿಮಿಷಕ್ಕೆ ಬೆರಕೆ ಎಷ್ಟು ಓಲಾಡಬಹುದು, ಓಲಾಡಿದರೆ ಎಷ್ಟು ಕ್ಷಣದಲ್ಲಿ ಹೈಡ್ರೋಜನ್ ಕವಾಟ ಮುಚ್ಚುತ್ತದೆ, ಬರ್ನರ್ ಕರಗಿದರೆ ಖರ್ಚು ಯಾರದು, ಇಷ್ಟನ್ನು ಒಪ್ಪಂದದಲ್ಲಿ ಬರೆಸಿಕೊಳ್ಳಿ.

ಇದೆಲ್ಲ ಅಸಾಧ್ಯ ಎಂದು ನಾನು ಹೇಳಿದರೆ ಸುಳ್ಳಾಗುತ್ತದೆ. ಫ್ರಾನ್ಸಿನ ಸೈಯಾ-ಸುರ್-ವಿಯೆನ್ ಎಂಬಲ್ಲಿ ಕಾಗದದ ಕಾರ್ಖಾನೆಯ ಆವರಣದಲ್ಲಿ 2023ರಲ್ಲಿ ಸೀಮೆನ್ಸ್ ಎನರ್ಜಿಯ ಟರ್ಬೈನ್ ಶೇ 100 ಹೈಡ್ರೋಜನ್ ಮೇಲೆಯೇ ಓಡಿತು. ನ್ಯೂಯಾರ್ಕ್ ರಾಜ್ಯದ ಬ್ರೆಂಟ್‌ವುಡ್‌ನಲ್ಲಿ ಶೇ 40 ದಾಟಿಸಿ ನೋಡಿದರು. ಇವುಗಳ ಹಿಂದೆ ದುಡಿದ ಇಂಜಿನಿಯರುಗಳ ಬಗ್ಗೆ ನನಗೆ ಗೌರವವಿದೆ. ಆದರೆ ಫ್ರಾನ್ಸಿನದು 12 ಮೆಗಾವಾಟಿನ ಚಿಕ್ಕ ಯಂತ್ರ, ಬ್ರೆಂಟ್‌ವುಡ್‌ನದು ವಿಮಾನದ ಎಂಜಿನ್ ಮೂಲದ್ದು. ಅಲ್ಲಿ ಕೆಲವು ವಾರ ಓಡಿದ್ದನ್ನು ತೋರಿಸಿ ಇಲ್ಲಿ 236 ಮೆಗಾವಾಟಿನ ಯಂತ್ರ ಇಪ್ಪತ್ತು ವರ್ಷ ಓಡುತ್ತದೆ ಎನ್ನುವವರ ಮಾತನ್ನು ಕಾಗದದ ಮೇಲೆ ಪಡೆಯಿರಿ.

ಹೊಗೆಯ ವಿಚಾರಕ್ಕೆ ಬರುತ್ತೇನೆ, ಏಕೆಂದರೆ ಅದನ್ನು ಉಸಿರಾಡುವವರು ನಾವು. ಹೈಡ್ರೋಜನ್ ಉರಿದರೆ ಬರುವುದು ನೀರಾವಿ ಮಾತ್ರ ಎಂದು ಶಾಲೆಯ ಮಕ್ಕಳಿಗೂ ಹೇಳಿಕೊಡುತ್ತಿದ್ದಾರೆ. ಶುದ್ಧ ಆಮ್ಲಜನಕದಲ್ಲಿ ಉರಿಸಿದರೆ ನಿಜ. ಟರ್ಬೈನ್ ಉರಿಸುವುದು ಗಾಳಿಯಲ್ಲಿ, ಗಾಳಿಯ ಐದರಲ್ಲಿ ನಾಲ್ಕು ಪಾಲು ನೈಟ್ರೋಜನ್. ಹೈಡ್ರೋಜನ್ನಿನ ಬೆಂಕಿ ಮೀಥೇನಿಗಿಂತ ನೂರೈವತ್ತು ಡಿಗ್ರಿಯಷ್ಟು ಹೆಚ್ಚು ಬಿಸಿಯಾಗಬಲ್ಲದು, ಬಿಸಿ ಏರಿದಷ್ಟೂ ನೈಟ್ರೋಜನ್ ಆಕ್ಸೈಡ್ ಬಲು ಬೇಗ ಏರುತ್ತದೆ. ಆಸ್ತಮಾ ಇರುವವರಿಗೆ ಇದೇ ಮುಳ್ಳು. ಬೇಸಗೆಯಲ್ಲಿ ನೆಲಮಟ್ಟದ ಓಝೋನ್ ಹುಟ್ಟುವುದೂ ಇದರಿಂದಲೇ. ಬರ್ನರನ್ನು ಸರಿಯಾಗಿ ಹೊಂದಿಸಿದರೆ, ನೀರು ಚಿಮುಕಿಸಿದರೆ, ಚಿಮಣಿಯ ದಾರಿಯಲ್ಲಿ ಅಮೋನಿಯಾ ಬಳಸಿ ತೊಳೆಯುವ ಘಟಕ ಹಾಕಿದರೆ ಮಿತಿಯೊಳಗೆ ಇಡಬಹುದು. ಆದರೆ ಆ ಪ್ರತಿಯೊಂದಕ್ಕೂ ದುಡ್ಡು ಬೇಕು, ಜಾಗ ಬೇಕು, ನೋಡಿಕೊಳ್ಳುವ ಕೈ ಬೇಕು.

ಇಲ್ಲಿ ಮಾಲಿನ್ಯ ಮಂಡಳಿಯವರಿಗೆ ಒಂದು ಮಾತು. ನೀವು ಚಿಮಣಿಯಲ್ಲಿ ಅಳೆಯುವುದು ಪಿಪಿಎಂ, ಅಂದರೆ ಹತ್ತು ಲಕ್ಷ ಪಾಲಿಗೆ ಎಷ್ಟು ಪಾಲು ಎಂಬ ಲೆಕ್ಕದಲ್ಲಿ, ನೀರಾವಿ ತೆಗೆದ ಒಣ ಹೊಗೆಯನ್ನು ಶೇ 15 ಆಮ್ಲಜನಕಕ್ಕೆ ಹೊಂದಿಸಿ. ಹೈಡ್ರೋಜನ್ ಬೆರೆತ ಹೊಗೆಯಲ್ಲಿ ನೀರಾವಿ ಹೆಚ್ಚು. ಅದನ್ನು ತೆಗೆದು ಲೆಕ್ಕ ಹಾಕಿದರೆ ಅದೇ ಪ್ರಮಾಣದ ಮಾಲಿನ್ಯ ಇದ್ದದ್ದಕ್ಕಿಂತ ಹೆಚ್ಚಾಗಿ ಕಾಣುತ್ತದೆ. ಶುದ್ಧ ಹೈಡ್ರೋಜನ್ನಿನಲ್ಲಿ ಈ ವ್ಯತ್ಯಾಸ ಮೂರನೇ ಒಂದು ಪಾಲನ್ನೂ ಮೀರುತ್ತದೆ. ಅದರಿಂದ ಸ್ಥಾವರಕ್ಕೆ ಅನ್ಯಾಯ. ನಾಳೆ ಇದೇ ನೆಪದಲ್ಲಿ ಮಿತಿಯನ್ನೇ ಸಡಿಲಿಸಿ ಎಂದು ಕೇಳಿದರೆ ನಮಗೆ ಅನ್ಯಾಯ. ಎರಡೂ ಬೇಡ. ಒಂದು ಯುನಿಟ್ ಕರೆಂಟಿಗೆ ಎಷ್ಟು ಗ್ರಾಂ ನೈಟ್ರೋಜನ್ ಆಕ್ಸೈಡ್ ಎಂದು ಲೆಕ್ಕ ಬರೆಸಿ, ಅದನ್ನು ಸ್ಥಾವರದ ಗೇಟಿನ ಬಳಿ ಕನ್ನಡದಲ್ಲಿ, ದಿನದಿನವೂ ಕಾಣುವಂತೆ ಹಾಕಿಸಿ.

ಸುರಕ್ಷತೆಯ ಬಗ್ಗೆ ದೀರ್ಘವಾಗಿ ಬರೆಯುವುದಿಲ್ಲ, ಕಂಡ ಒಂದು ದೃಶ್ಯ ಹೇಳುತ್ತೇನೆ. ಹೈಡ್ರೋಜನ್ ಕೊಳವೆ ಸೋರಿ ಹೊತ್ತಿಕೊಂಡರೆ ಹಗಲಿನಲ್ಲಿ ಅದರ ಬೆಂಕಿ ಕಣ್ಣಿಗೆ ಕಾಣುವುದೇ ಇಲ್ಲ. ನಮ್ಮ ಹಳೆಯ ಫೋರ್‌ಮನ್ ಒಬ್ಬರು ಸೋರಿಕೆಯ ಸಂಶಯ ಬಂದಾಗ ಉದ್ದನೆಯ ಕಡ್ಡಿ ಪೊರಕೆಯೊಂದನ್ನು ಮುಂದೆ ಚಾಚಿ ಹಿಡಿದು ಹೆಜ್ಜೆ ಹೆಜ್ಜೆಗೆ ನಿಂತು ನಡೆಯುತ್ತಿದ್ದರು. ಪೊರಕೆಯ ತುದಿ ಇದ್ದಕ್ಕಿದ್ದ ಹಾಗೆ ಹೊತ್ತಿಕೊಂಡರೆ ಅಲ್ಲಿಂದ ಮುಂದೆ ಕಾಲಿಡಬಾರದು ಎಂದು ಅರ್ಥ. ನಾವು ಹುಡುಗರು ಅವರ ಹಿಂದೆ ಉಸಿರು ಹಿಡಿದು ನಿಲ್ಲುತ್ತಿದ್ದೆವು. ಈಗ ಜ್ವಾಲೆ ಪತ್ತೆ ಮಾಡುವ ಉಪಕರಣಗಳಿವೆ. ಆದರೆ ಮೀಥೇನ್ ಸೋರಿಕೆಗೆಂದು ಹಾಕಿರುವ ಇನ್‌ಫ್ರಾರೆಡ್ ಡಿಟೆಕ್ಟರುಗಳಿಗೆ ಹೈಡ್ರೋಜನ್ ಕಾಣಿಸುವುದಿಲ್ಲ, ಅವನ್ನು ಬದಲಿಸಲೇಬೇಕು. ಗಾಳಿಯಲ್ಲಿ ಮೀಥೇನ್ ಹೊತ್ತಿಕೊಳ್ಳುವುದು ಶೇ 5ರಿಂದ 15ರ ನಡುವೆ, ಹೈಡ್ರೋಜನ್ 4ರಿಂದ 75ರವರೆಗೆ. 2020ರ ಅಕ್ಟೋಬರಿನಲ್ಲಿ ಯಲಹಂಕ ಸ್ಥಾವರದಲ್ಲಿ ಬೆಂಕಿ ಅವಘಡವಾಗಿ ಸಿಬ್ಬಂದಿ ಗಾಯಗೊಂಡದ್ದು ಸುತ್ತಲಿನವರಿಗೆ ಇನ್ನೂ ನೆನಪಿದೆ. ಹೊಸ ಅನಿಲ ತರುವ ಮೊದಲು ಆ ಜನರನ್ನು ಕೂರಿಸಿಕೊಂಡು ಮಾತಾಡುವುದು ಕನಿಷ್ಠ ಸೌಜನ್ಯ.

ಹಾಗಾದರೆ ಹಸಿರು ಹೈಡ್ರೋಜನ್ ಬೇಡವೇ? ಬೇಕು, ಬೇಕೇ ಬೇಕು. ಕೇಂದ್ರ ಸಚಿವ ಸಂಪುಟ 2023ರ ಜನವರಿಯಲ್ಲಿ 19,744 ಕೋಟಿ ರೂಪಾಯಿಯ ರಾಷ್ಟ್ರೀಯ ಹಸಿರು ಹೈಡ್ರೋಜನ್ ಮಿಷನ್‌ಗೆ ಒಪ್ಪಿಗೆ ಕೊಟ್ಟಾಗ ನಾನು ಸಂತೋಷಪಟ್ಟವನು. 2030ರ ಹೊತ್ತಿಗೆ ವರ್ಷಕ್ಕೆ 50 ಲಕ್ಷ ಟನ್ ಎಂಬುದು ಅದರ ಗುರಿ. ಆದರೆ ಗೊಬ್ಬರಕ್ಕೆ ಅಮೋನಿಯಾ ಬೇಕು, ಅಮೋನಿಯಾಕ್ಕೆ ಹೈಡ್ರೋಜನ್ ಬೇಕು, ಅದಕ್ಕೆ ಬೇರೆ ದಾರಿಯಿಲ್ಲ. ಮಂಗಳೂರಿನ ಪಣಂಬೂರು, ಕುತ್ತೆತ್ತೂರು ಕಡೆಯ ಗೊಬ್ಬರ, ತೈಲ ಕಾರ್ಖಾನೆಗಳಲ್ಲಿ ಹೈಡ್ರೋಜನ್ ಹೊಸ ಮಾತಲ್ಲ. ತೋರಣಗಲ್ಲಿನ ಉಕ್ಕಿಗೂ ಅದು ಬೇಕಾಗುತ್ತದೆ. ಅನಿಲದಿಂದ ತೆಗೆದ ಹೈಡ್ರೋಜನ್ನಿನ ಜಾಗದಲ್ಲಿ ಒಂದು ಕಿಲೋ ಹಸಿರು ಹೈಡ್ರೋಜನ್ ಕೂರಿಸಿದರೆ 9ರಿಂದ 10 ಕಿಲೋ ಇಂಗಾಲ ಉಳಿಯುತ್ತದೆ. ಟರ್ಬೈನಿನಲ್ಲಿ ಸುಟ್ಟರೆ 6.7. ಅದೇ ಕಿಲೋ, ಅದೇ ಬಿಸಿಲು, ಅದೇ ನೀರು. ವಿದ್ಯುತ್ತಿಗೆ ಬಿಸಿಲು, ಗಾಳಿ, ನೀರು, ಬ್ಯಾಟರಿ ಎಂದು ನಾಲ್ಕು ದಾರಿಗಳಿವೆ. ಯೂರಿಯಾಕ್ಕೆ ಇಲ್ಲ. ಪಂಕ್ತಿಯಲ್ಲಿ ಮೊದಲು ಯಾರಿಗೆ ಬಡಿಸಬೇಕು ಎಂಬುದು ಇಷ್ಟರಲ್ಲೇ ತಿಳಿಯುತ್ತದೆ.

ಇಂಧನದ ಬೆಲೆ ನೋಡದೆ ಯಂತ್ರ ತಂದರೆ ಏನಾಗುತ್ತದೆ ಎಂಬುದನ್ನು ನಮ್ಮ ರಾಜ್ಯ ಒಮ್ಮೆ ಅನುಭವಿಸಿದೆ. 2001ರಲ್ಲಿ ಮಂಗಳೂರಿನ ತಣ್ಣೀರುಬಾವಿಯಲ್ಲಿ, ನೀರಿನ ಮೇಲೆ ತೇಲುವ ಬಾರ್ಜ್‌ಗಳಲ್ಲಿ 220 ಮೆಗಾವಾಟಿನ ಟರ್ಬೈನ್ ಸ್ಥಾವರ ಬಂದು ನಿಂತಾಗ ನೋಡಲು ಜನ ಬರುತ್ತಿದ್ದರು. ಯಂತ್ರಗಳು ಅಚ್ಚುಕಟ್ಟಾಗಿದ್ದವು. ಆದರೆ ಉರಿಸುತ್ತಿದ್ದದ್ದು ಕಚ್ಚಾ ತೈಲದಿಂದ ತೆಗೆಯುವ ನಾಫ್ತಾ, ಅದರ ಕರೆಂಟ್ ದುಬಾರಿಯಾಯಿತು. ಕೊನೆಗೆ ಆ ಸ್ಥಾವರ ಬಾರ್ಜ್ ಸಮೇತ ಕಾಕಿನಾಡಕ್ಕೆ ಹೊರಟುಹೋಯಿತು. ಇವತ್ತು ದೇಶದ ಅನಿಲ ಸ್ಥಾವರಗಳಲ್ಲಿ ಬಹಳಷ್ಟು ವರ್ಷದ ಹೆಚ್ಚಿನ ದಿನ ಸುಮ್ಮನೆ ನಿಂತಿರುವುದು ಯಂತ್ರದ ದೋಷದಿಂದಲ್ಲ. ಕೈಗೆಟಕುವ ಬೆಲೆಗೆ ಅನಿಲ ಸಿಗದೆ. ಅನಿಲವೇ ದುಬಾರಿ ಎನ್ನುವ ಕಡೆ ಅದಕ್ಕಿಂತ ಎಷ್ಟೋ ಪಟ್ಟು ದುಬಾರಿಯಾದ ಹೈಡ್ರೋಜನ್ ಬೆರೆಸಿದರೆ ಯುನಿಟ್ ದರ ಎಲ್ಲಿಗೆ ಹೋಗುತ್ತದೆ ಎಂದು ಆಯೋಗದವರು ಊಹಿಸಬಲ್ಲರು.

ಆದ್ದರಿಂದ ಮಾನ್ಯ ಸಚಿವರಲ್ಲಿ ನನ್ನ ಬೇಡಿಕೆ ಇಷ್ಟು. ಸರ್ಕಾರದ ಯಾವುದೇ ಪ್ರಕಟಣೆಯಲ್ಲಿ, ಭಾಷಣದಲ್ಲಿ, ಟೆಂಡರಿನಲ್ಲಿ ಹೈಡ್ರೋಜನ್ ಬೆರಕೆಯ ಪ್ರಮಾಣ ಹೇಳುವಾಗ ಗಾತ್ರದ ಶೇಕಡಾವಾರಿನ ಪಕ್ಕದಲ್ಲೇ ಶಾಖದ ಪಾಲನ್ನೂ ಇಂಗಾಲದ ನಿಜವಾದ ಇಳಿಕೆಯನ್ನೂ ಬರೆಯಬೇಕೆಂದು ಒಂದು ಸುತ್ತೋಲೆ ಹೊರಡಿಸಿ. ಇದಕ್ಕೆ ಒಂದು ರೂಪಾಯಿಯೂ ಖರ್ಚಿಲ್ಲ. ಜಾಗ, ನೀರು, ರಿಯಾಯಿತಿ ಕೊಡುವಾಗ ಗೊಬ್ಬರ, ತೈಲ ಶುದ್ಧೀಕರಣ, ಉಕ್ಕಿಗೆ ಹೋಗುವ ಹಸಿರು ಹೈಡ್ರೋಜನ್ನಿಗೆ ಮೊದಲ ಸಾಲು ಕೊಡಿ, ಟರ್ಬೈನಿನಲ್ಲಿ ಉರಿಸುವುದಕ್ಕೆ ಕೊನೆಯದು. “ಹೈಡ್ರೋಜನ್‌ಗೆ ಸಿದ್ಧ” ಎಂಬ ಹಣೆಪಟ್ಟಿಗಾಗಿ ಯಂತ್ರಕ್ಕೆ ಹೆಚ್ಚಿನ ಬೆಲೆ ಕೊಡಬೇಡಿ. ಎಷ್ಟು ಪ್ರಮಾಣಕ್ಕೆ ಸಿದ್ಧ, ಬರ್ನರ್, ಕವಾಟ, ಕೊಳವೆ, ಡಿಟೆಕ್ಟರ್ ಇವುಗಳಲ್ಲಿ ಯಾವುದನ್ನೆಲ್ಲ ಬದಲಿಸಬೇಕು, ಆ ಖರ್ಚೆಷ್ಟು ಎಂದು ಬರೆದುಕೊಡದವರಿಂದ ಕೊಳ್ಳಬೇಡಿ. ನಿಯಂತ್ರಣ ಆಯೋಗ ಪ್ರತ್ಯೇಕ ವಿಚಾರಣೆ ಮಾಡದೆ ಬೆರಕೆಯ ಪ್ರಯೋಗದ ಖರ್ಚನ್ನು ಗ್ರಾಹಕರ ಬಿಲ್ಲಿಗೆ ಸೇರಿಸಲು ಬಿಡಬಾರದು.

ಒಂದು ವೇಳೆ ಕಲಿಯುವ ಉದ್ದೇಶದಿಂದಲೇ ಯಲಹಂಕದಲ್ಲೋ ಮತ್ತೆಲ್ಲೋ ಚಿಕ್ಕ ಪ್ರಯೋಗ ಮಾಡುವುದಾದರೆ ನಾನು ಅಡ್ಡ ಬರುವುದಿಲ್ಲ, ನೋಡಲು ಮೊದಲು ಬರುವವನು ನಾನೇ. ಆದರೆ ಅದಕ್ಕೆ ಮೊದಲು ಯಲಹಂಕ ಉಪನಗರದಲ್ಲೇ, ಭಾನುವಾರವೊಂದರಂದು, ಕನ್ನಡದಲ್ಲಿ ಒಂದು ಸಾರ್ವಜನಿಕ ಸಭೆ ಕರೆಯಿರಿ. ಹೈಡ್ರೋಜನ್ ಎಲ್ಲಿಂದ, ಎಷ್ಟು ಟನ್, ಎಲ್ಲಿ ಕೂಡಿಡುತ್ತೀರಿ, ಸೈರನ್ ಕೂಗಿದರೆ ನಾವು ಯಾವ ರಸ್ತೆ ಹಿಡಿದು ಹೊರಡಬೇಕು ಎಂದು ಹೇಳಿ. ಆ ಸಂಕಿರಣದಲ್ಲಿ ಮಾತಾಡಿದ ಅಧಿಕಾರಿಯೂ ಬರಲಿ. ಅವರನ್ನು ಅವಮಾನಿಸುವ ಉದ್ದೇಶ ನನಗಿಲ್ಲ. ಅಂದು ಊಟದ ಸಾಲಿನಲ್ಲಿ ಉತ್ತರ ಸಿಗದ ಪ್ರಶ್ನೆಯನ್ನು ಎಲ್ಲರ ಎದುರಿಗೆ, ಬಿಳಿ ಹಲಗೆಯ ಮೇಲೆ ಲೆಕ್ಕ ಬರೆದು ಕೇಳುತ್ತೇನೆ. ಉತ್ತರ ನನ್ನ ಲೆಕ್ಕಕ್ಕಿಂತ ಒಳ್ಳೆಯದಾಗಿದ್ದರೆ ಅಲ್ಲೇ ತಿದ್ದಿಕೊಳ್ಳುತ್ತೇನೆ.

ತಮ್ಮ ಕಚೇರಿಯಿಂದ ದಿನಾಂಕ ತಿಳಿಸುವ ಪತ್ರಕ್ಕೆ ಕಾಯುತ್ತಿರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಯಂತ್ರ ನಿರ್ವಹಣಾ ಇಂಜಿನಿಯರ್,
ಯಲಹಂಕ ಉಪನಗರ, ಬೆಂಗಳೂರು